ಹುಲ್ಲು ಹೆಚ್ಚಾದರೂ ಕಷ್ಟ ಈ ಕುದುರೆಗೆ

‘ಪೋನಿ ಅಂದ್ರೆ ಕುದುರೆ ಮರಿ ಅಲ್ವಾ?’

ಇದು ಬಹಳ ಜನರಿಗೆ ಇರುವ ಅನುಮಾನ. ತಲೆಗೂದಲನ್ನು ಪೋನಿಟೇಲ್ ಕಟ್ಟೋದು ಗೊತ್ತು, ಮಕ್ಕಳ ಕಾರ್ಟೂನಿನಲ್ಲಿ ಬಣ್ಣಬಣ್ಣದ ಪೋನಿ ನೋಡಿದ್ದೂ ಗೊತ್ತು. ಆದರೆ ಪೋನಿ ಅನ್ನೋದು ಬೆಳೆದು ಮುಂದೆ ಕುದುರೆಯಾಗುವ ಮರಿ ಅಲ್ಲ. ಮೂವತ್ತು ವರ್ಷವಾದರೂ ಪೋನಿ ಪೋನಿಯೇ. ಹಳಬರು ತಟ್ಟು ಅನ್ನುತ್ತಿದ್ದರಲ್ಲ, ಆ ಗಿಡ್ಡ ಜಾತಿಯ ಕುದುರೆ ಇದು. ಸಾಮಾನ್ಯವಾಗಿ ಹೆಗಲ ಹತ್ತಿರ ಅಳೆದಾಗ 147 ಸೆಂಟಿಮೀಟರ್ ಒಳಗಿದ್ದರೆ ಪೋನಿ, ಅದಕ್ಕಿಂತ ಎತ್ತರವಿದ್ದರೆ ಕುದುರೆ ಅಂತ ಲೆಕ್ಕ.

ಜಗತ್ತಿನ ಪೋನಿಗಳಲ್ಲಿ ಬಹಳ ಹೆಸರು ಮಾಡಿದ್ದು ವೇಲ್ಸ್ ದೇಶದ್ದು. ಸಣ್ಣ ತಲೆ, ದೊಡ್ಡ ಕಣ್ಣು, ಚೂಪಾದ ಪುಟ್ಟ ಕಿವಿ, ಗಾಳಿಗೆ ಹಾರುವ ಜೂಲು. ಫೋಟೊ ನೋಡಿದರೆ ಯಾರಿಗಾದರೂ ಮುದ್ದು ಬರುತ್ತೆ. ಆದರೆ ಇವತ್ತು ಹೇಳಹೊರಟಿದ್ದು ಅದರ ಚಂದದ ಕಥೆಯಲ್ಲ. ಹೊಟ್ಟೆಗಿಲ್ಲದೆ ಬದುಕಲು ಕಲಿತ ಪ್ರಾಣಿಗೆ ಹೊಟ್ಟೆ ತುಂಬಾ ಸಿಕ್ಕಿದಾಗ ಏನಾಯಿತು ಅನ್ನೋ ಕಥೆ.

ಬೆಟ್ಟವೇ ಮೇಷ್ಟ್ರು

ವೇಲ್ಸ್ ಇರುವುದು ಬ್ರಿಟನ್ ದ್ವೀಪದ ಪಶ್ಚಿಮಕ್ಕೆ. ಬಹುಪಾಲು ಗುಡ್ಡಗಾಡು. ಸಮುದ್ರದ ಕಡೆಯಿಂದ ಬೀಸುವ ಒದ್ದೆ ಗಾಳಿ, ವರ್ಷವಿಡೀ ಮಳೆ, ಚಳಿಗಾಲದಲ್ಲಿ ಹಿಮ. ಗುಡ್ಡದ ನೆತ್ತಿಯ ಮಣ್ಣಿನಲ್ಲಿ ಸತ್ವ ಕಮ್ಮಿ. ಬೆಳೆಯುವುದು ಒರಟು ಹುಲ್ಲು, ಹೆದರ್ ಅನ್ನೋ ಕುರುಚಲು ಗಿಡ, ಹಳದಿ ಹೂ ಬಿಡುವ ಗಾರ್ಸ್ ಎಂಬ ಮುಳ್ಳುಪೊದೆ.

ರೋಮನ್ನರು ಬರುವ ಮುಂಚಿನಿಂದಲೂ ಇಲ್ಲಿ ಗಿಡ್ಡ ಕುದುರೆಗಳಿದ್ದವು. ಲಾಯವಿಲ್ಲ, ಹುರುಳಿ ತಿನ್ನಿಸುವವರಿಲ್ಲ, ಚಳಿಗೆ ಮೈಮೇಲೆ ಕಂಬಳಿ ಹೊದಿಸುವವರಿಲ್ಲ. ದೊಡ್ಡ ಮೈಯ ಕುದುರೆಗೆ ಅಲ್ಲಿನ ಮೇವು ಸಾಲುತ್ತಿರಲಿಲ್ಲ. ಕಾಲು ಸೂಕ್ಷ್ಮವಿದ್ದರೆ ಕಲ್ಲಿನ ಇಳಿಜಾರಿನಲ್ಲಿ ಮುರಿಯುತ್ತಿತ್ತು. ಕೊನೆಗೆ ಉಳಿದದ್ದು ಗಿಡ್ಡ ಮೈ, ಗಟ್ಟಿ ಗೊರಸು, ಅಗಲ ಎದೆ, ದಪ್ಪ ಚಳಿಗಾಲದ ಕೂದಲು ಇದ್ದಂಥವು. ಜೊತೆಗೆ ಬುದ್ಧಿ. ಕಾಲಿಡುವ ಮೊದಲು ಆ ಜೌಗು ನೆಲ ತನ್ನ ಭಾರ ತಡೆಯುತ್ತಾ ಅಂತ ಪರೀಕ್ಷಿಸುವ ಬುದ್ಧಿ. ವೇಲ್ಸ್ ಪೋನಿ ಜಾಣ, ಕೆಲವೊಮ್ಮೆ ಅತಿ ಜಾಣ ಅಂತ ಸಾಕಿದವರು ಹೇಳುವುದು ಇದಕ್ಕೇ. ಬೇಲಿಯ ಚಿಲಕ ತೆಗೆಯಲು ಕಲಿಯುವ ಪೋನಿಗಳೂ ಇವೆ!

ಹತ್ತನೇ ಶತಮಾನದ ದೊರೆ ಹವೆಲ್ ದಾ ಹೆಸರಿನಲ್ಲಿ ಉಳಿದಿರುವ ವೇಲ್ಸ್‌ನ ಹಳೇ ಕಾನೂನುಗಳಲ್ಲಿ ಕುದುರೆಗಳ ಬೆಲೆಯನ್ನು ವಯಸ್ಸು, ಕೆಲಸದ ಪ್ರಕಾರ ನಿಗದಿ ಮಾಡಿದ್ದಾರೆ. ಅಂದರೆ ಸಾವಿರ ವರ್ಷದ ಹಿಂದೆಯೇ ಕುದುರೆ ಅಲ್ಲಿನ ಮನೆಮನೆಯ ಆಸ್ತಿಯಾಗಿತ್ತು.

ಗಿಡ್ಡ ಅನ್ನುವುದೇ ಅಪರಾಧವಾದಾಗ

ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಒಂದು ಚಿಂತೆ ಹತ್ತಿತು. ಕಬ್ಬಿಣದ ಕವಚ ತೊಟ್ಟ ಸೈನಿಕನನ್ನು ಹೊರಲು ದೊಡ್ಡ ಕುದುರೆ ಬೇಕು, ಆದರೆ ನಾಡಿನ ತುಂಬ ಗಿಡ್ಡ ಕುದುರೆಗಳೇ! 1535ರಲ್ಲಿ ಒಂದು, ಕೆಲವೇ ವರ್ಷಗಳಲ್ಲಿ ಇನ್ನೊಂದು ಕಾನೂನು ತಂದ. ಇಷ್ಟು ಎತ್ತರ ಇಲ್ಲದ ಗಂಡು ಕುದುರೆಯನ್ನು ಸಾರ್ವಜನಿಕ ಗೋಮಾಳದಲ್ಲಿ ಬಿಡಬಾರದು, ವರ್ಷಕ್ಕೊಮ್ಮೆ ಗುಡ್ಡದ ಕುದುರೆಗಳನ್ನೆಲ್ಲ ಒಟ್ಟುಗೂಡಿಸಿ ಕೆಲಸಕ್ಕೆ ಬಾರದವನ್ನು ಕೊಲ್ಲಬೇಕು ಎಂಬುದು ಅದರ ಸಾರಾಂಶ.

ಕಾಗದದ ಮೇಲೆ ಇದು ಗಿಡ್ಡ ಕುದುರೆಗಳ ಮರಣಶಾಸನ. ಆದರೆ ರಾಜನ ಆಳುಗಳು ಆ ಕಡಿದಾದ ಬೆಟ್ಟ ಹತ್ತಬೇಕಲ್ಲ? ದೊಡ್ಡ ಕುದುರೆ ಏರಿ ಬಂದವರಿಗೆ ಆ ಇಳಿಜಾರು ದಕ್ಕುತ್ತಿರಲಿಲ್ಲ. ಯಾರೂ ಬಾರದ ಜಾಗದಲ್ಲಿ ಇದ್ದದ್ದರಿಂದಲೇ ನಮ್ಮ ಪೋನಿಗಳು ಉಳಿದವು ಎಂಬುದು ವೇಲ್ಸ್‌ನಲ್ಲಿ ತಲೆಮಾರುಗಳಿಂದ ಬಂದಿರುವ ಮಾತು. ಗಿಡ್ಡ ಅಂತ ಬೈಸಿಕೊಂಡ ಮೈಯೇ ಆ ಬೆಟ್ಟದಲ್ಲಿ ಅವುಗಳನ್ನು ಕಾಪಾಡಿತು.

ಎ, ಬಿ, ಸಿ, ಡಿ

1901ರಲ್ಲಿ ವೆಲ್ಶ್ ಪೋನಿ ಆಂಡ್ ಕಾಬ್ ಸೊಸೈಟಿ ಹುಟ್ಟಿತು. ಮರುವರ್ಷ ಅದರ ಮೊದಲ ಸ್ಟಡ್ ಬುಕ್, ಅಂದರೆ ವಂಶಾವಳಿ ಪುಸ್ತಕ ಬಂತು. ಅಪ್ಪ ಯಾರು, ಅಮ್ಮ ಯಾರು, ಯಾರ ಮನೆಯದು ಎಲ್ಲವೂ ಅದರಲ್ಲಿ ದಾಖಲು. ಇವತ್ತು ವೇಲ್ಸ್ ಕುದುರೆಗಳಿಗೆ ನಾಲ್ಕು ವಿಭಾಗ. ಎತ್ತರವನ್ನು ಅಳೆಯುವುದು ‘ಹ್ಯಾಂಡ್’ ಲೆಕ್ಕದಲ್ಲಿ. ಒಂದು ಹ್ಯಾಂಡ್ ಅಂದರೆ ಅಂಗೈ ಅಗಲ, 4 ಇಂಚು. 13.2 ಅಂತ ಬರೆದಿದ್ದರೆ 13 ಹ್ಯಾಂಡ್ ಮೇಲೆ 2 ಇಂಚು ಅಂತ ಓದಬೇಕು, ದಶಮಾಂಶ ಅಂದುಕೊಳ್ಳಬೇಡಿ.

ಸೆಕ್ಷನ್ ಎ: ವೆಲ್ಶ್ ಮೌಂಟನ್ ಪೋನಿ. 12 ಹ್ಯಾಂಡ್ ಮೀರುವಂತಿಲ್ಲ, ಅಂದರೆ ಹೆಗಲಿಗೆ ಬರೀ 4 ಅಡಿ. ಉಳಿದೆಲ್ಲದಕ್ಕೂ ಇದೇ ಬೇರು.

ಸೆಕ್ಷನ್ ಬಿ: 13.2 ಹ್ಯಾಂಡ್‌ವರೆಗೆ. ಸ್ವಲ್ಪ ಉದ್ದ ಕಾಲು, ಹಗುರ ನಡಿಗೆ. ಮಕ್ಕಳ ಸವಾರಿಗೆ, ಜಿಗಿತದ ಸ್ಪರ್ಧೆಗೆ ಅಚ್ಚುಮೆಚ್ಚು.

ಸೆಕ್ಷನ್ ಸಿ: ಎತ್ತರದ ಮಿತಿ ಬಿಯಷ್ಟೇ, ಆದರೆ ಮೈಕಟ್ಟು ದಪ್ಪ. ಗಾಡಿ ಎಳೆಯುವ ಕಾಬ್ ಜಾತಿಯ ಚಿಕ್ಕ ರೂಪ.

ಸೆಕ್ಷನ್ ಡಿ: ವೆಲ್ಶ್ ಕಾಬ್. 13.2 ಹ್ಯಾಂಡ್‌ಗಿಂತ ಮೇಲೆ, ಗರಿಷ್ಠ ಮಿತಿಯೇ ಇಲ್ಲ. ದೊಡ್ಡವರನ್ನೂ ಹೊರುತ್ತೆ, ಗಾಡಿಯನ್ನೂ ಎಳೆಯುತ್ತೆ.

ಬಣ್ಣ ಯಾವುದಾದರೂ ಆಗಬಹುದು, ಆದರೆ ಹಸುವಿನಂತೆ ದೊಡ್ಡ ಬಿಳಿ ಪಟ್ಟೆಗಳಿರುವ ಚಿತ್ತಾರದ ಮೈಗೆ ಪುಸ್ತಕದಲ್ಲಿ ಜಾಗವಿಲ್ಲ. ಬೂದು-ಬಿಳಿ ಪೋನಿಗಳು ಹೆಚ್ಚು ಕಾಣುವುದಕ್ಕೆ ಕಾರಣ ಒಂದೇ ಒಂದು ಗಂಡು ಕುದುರೆ ಅಂದರೂ ತಪ್ಪಿಲ್ಲ. ಅದರ ಹೆಸರು ಡಯೋಲ್ ಸ್ಟಾರ್‌ಲೈಟ್, ಹುಟ್ಟಿದ್ದು 1894ರಲ್ಲಿ. ಇವತ್ತಿನ ಸೆಕ್ಷನ್ ಎ ಪೋನಿಗಳ ಮೂಲಪುರುಷ ಅಂತ ಕರೆಸಿಕೊಂಡದ್ದು ಅದೇ. ‘ಡಯೋಲ್’ ಅನ್ನೋ ವಿಚಿತ್ರ ಹೆಸರು ಎಲ್ಲಿಂದ ಬಂತು ಗೊತ್ತಾ? ಮಾಲೀಕರ ಹೆಸರು ಮ್ಯೂರಿಕ್ ಲಾಯ್ಡ್. ಲಾಯ್ಡ್ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಡಯೋಲ್! ಈ ಸ್ಟಾರ್‌ಲೈಟ್ ಮುದಿ ವಯಸ್ಸಿನಲ್ಲಿ ಸ್ಪೇನ್‌ಗೆ ಮಾರಾಟವಾಗಿ 1929ರಲ್ಲಿ ಅಲ್ಲೇ ಸತ್ತಿತು.

ಬಿ ವಿಭಾಗದ ಕಥೆಯೂ ಹೀಗೆಯೇ. 1924ರಲ್ಲಿ ಹುಟ್ಟಿದ ಟಾನ್-ಇ-ಬುಲ್ಖ್ ಬೆರ್ವಿನ್ ಎಂಬ ಕುದುರೆಯ ಅಪ್ಪ ಉತ್ತರ ಆಫ್ರಿಕಾದ ಬಾರ್ಬ್ ಜಾತಿಯದು. ಹೀಗೆ ಹೊರಗಿನ ರಕ್ತ ಆಗಾಗ ಸೇರಿದೆ. ಬೆಟ್ಟದ ಗಟ್ಟಿತನಕ್ಕೆ ಮರಳುಗಾಡಿನ ನಯ ಬೆರೆತಿದೆ.

ನೆಲದಡಿಯ ನೌಕರಿ

ಈಗ ಕಥೆಯ ಕತ್ತಲ ಭಾಗ. ಇಲ್ಲಿ ಕತ್ತಲು ಅನ್ನೋದು ಬರೀ ಮಾತಿನ ಅಲಂಕಾರವಲ್ಲ.

1842ರಲ್ಲಿ ಬ್ರಿಟನ್ ಸರ್ಕಾರ ಒಂದು ಒಳ್ಳೇ ಕಾನೂನು ಮಾಡಿತು: ಹೆಂಗಸರು, ಹತ್ತು ವರ್ಷದೊಳಗಿನ ಹುಡುಗರು ಕಲ್ಲಿದ್ದಲು ಗಣಿಯೊಳಗೆ ದುಡಿಯುವಂತಿಲ್ಲ. ಅಲ್ಲಿಯವರೆಗೆ ಕಲ್ಲಿದ್ದಲ ತೊಟ್ಟಿಗಳನ್ನು ತಳ್ಳುತ್ತಿದ್ದ ಎಷ್ಟೋ ಕೈಗಳು ಅವರವೇ. ಅವರನ್ನು ಬಿಟ್ಟ ಮೇಲೆ ತಳ್ಳುವವರು ಯಾರು? ಗಣಿಯಲ್ಲಿ ಪೋನಿಗಳು ಹೆಚ್ಚಿದವು. 1913ರ ಹೊತ್ತಿಗೆ ಬ್ರಿಟನ್ನಿನ ಗಣಿಗಳಲ್ಲಿ ಸುಮಾರು 70,000 ಕುದುರೆ, ಪೋನಿಗಳು ದುಡಿಯುತ್ತಿದ್ದವು. ಇಂಗ್ಲೆಂಡಿನ ಈಶಾನ್ಯದ ತೀರಾ ತಗ್ಗು ಸುರಂಗಗಳಿಗೆ ಪುಟಾಣಿ ಶೆಟ್ಲೆಂಡ್ ಪೋನಿ. ದಕ್ಷಿಣ ವೇಲ್ಸ್‌ನ ಗಣಿಗಳಿಗೆ ದೊಡ್ಡ ಮೈಯ ಪೋನಿಗಳು, ಕಾಬ್‌ಗಳು.

ಆಳದ ಗಣಿಗಳಲ್ಲಿ ಲಾಯವೂ ನೆಲದಡಿಯೇ. ವರ್ಷಕ್ಕೊಮ್ಮೆ ಗಣಿಗೆ ರಜೆ ಬಂದಾಗ ಮೇಲೆ ತಂದು ಹುಲ್ಲುಗಾವಲಿಗೆ ಬಿಟ್ಟರೆ ಅದೇ ಹಬ್ಬ. ಕಾರ್ಮಿಕರು ಮುಷ್ಕರ ಹೂಡಿದಾಗಲೂ ಪೋನಿಗಳಿಗೆ ಬಿಸಿಲು ಸಿಗುತ್ತಿತ್ತು. 1911ರ ಗಣಿ ಕಾಯಿದೆ ಇವುಗಳ ಕಡೆಗೂ ಕಣ್ಣು ಹಾಯಿಸಿತು. ನಾಲ್ಕು ವರ್ಷ ತುಂಬದ ಕುದುರೆಯನ್ನು ಗಣಿಗೆ ಇಳಿಸಬಾರದು ಎಂಬಂಥ ನಿಯಮಗಳು ಬಂದವು.

ಗಣಿ ಹುಡುಗನಿಗೂ ಅವನ ಕುದುರೆಗೂ ಇದ್ದ ನಂಟು ಬೇರೆಯೇ. ತನ್ನ ಬುತ್ತಿಯಲ್ಲೇ ಅದಕ್ಕೂ ಪಾಲು ಕೊಡುತ್ತಿದ್ದ. ಸುರಂಗದ ಮಾಡು ಕುಸಿಯುವ ಮುಂಚೆ ಕುದುರೆ ಹೆಜ್ಜೆ ಮುಂದಿಡದೆ ನಿಂತುಬಿಟ್ಟು ಜೀವ ಉಳಿಸಿತು ಎಂಬ ಕಥೆಗಳು ಗಣಿ ಊರುಗಳಲ್ಲಿ ಬೇಕಾದಷ್ಟು. ಬ್ಲೈನಾವನ್ ಊರಿನ ‘ಬಿಗ್ ಪಿಟ್’ ಈಗ ಮ್ಯೂಸಿಯಂ. ಸುಮಾರು 90 ಮೀಟರ್ ಆಳಕ್ಕೆ ಲಿಫ್ಟಿನಲ್ಲಿ ಇಳಿದರೆ ಹಳೆಯ ಲಾಯ ನೋಡಬಹುದು. ಒಂದೊಂದು ಗೂಡಿನ ಮೇಲೂ ಒಂದೊಂದು ಕುದುರೆಯ ಹೆಸರು.

ವೇಲ್ಸ್‌ನ ಪಾಂಟಿಪೂಲ್ ಬಳಿಯ ಚಿಕ್ಕ ಗಣಿಯೊಂದರಲ್ಲಿ ದುಡಿಯುತ್ತಿದ್ದ ರಾಬಿ ಎಂಬ ಪೋನಿ ನಿವೃತ್ತಿಯಾದದ್ದು 1999ರಲ್ಲಿ. ಬ್ರಿಟನ್ನಿನ ಕೊನೆಯ ಗಣಿ ಪೋನಿ ಅದೇ ಅನ್ನುತ್ತಾರೆ. ನಮ್ಮ ಕೈಗೆ ಮೊಬೈಲ್ ಬರುವ ಹೊತ್ತಿನವರೆಗೂ ಈ ಕೆಲಸ ನಡೆದಿತ್ತು ಅಂತ ಯೋಚಿಸಿದರೆ ಒಂಥರಾ ಅನ್ನಿಸುತ್ತೆ. ದಕ್ಷಿಣ ವೇಲ್ಸ್‌ನ ಪೆನಾಲ್ಟಾದಲ್ಲಿ ಮುಚ್ಚಿದ ಗಣಿಯ ಕಸದ ಮಣ್ಣಿನಿಂದಲೇ ಒಂದು ಓಡುವ ಕುದುರೆಯನ್ನು ನೆಲದ ಮೇಲೆ ಮೂಡಿಸಿದ್ದಾರೆ. ಉದ್ದ 200 ಮೀಟರ್, ಹೆಸರು ‘ಸುಲ್ತಾನ್’. ಅದರ ಬೆನ್ನ ಮೇಲೆ ಹುಲ್ಲು ಬೆಳೆದಿದೆ.

ಓಡುವ ಕಾಬ್, ಕೂಗುವ ಜನ

ಗಣಿಯ ಹೊರಗೂ ಕೆಲಸಕ್ಕೆ ಬರವಿರಲಿಲ್ಲ. ಕಾರು ಬರುವ ಮುಂಚೆ ವೇಲ್ಸ್‌ನ ಡಾಕ್ಟರು, ಹಾಲಿನವರು, ಅಂಚೆಯವರು ಎಲ್ಲರಿಗೂ ಕಾಬ್ ಬೇಕಿತ್ತು. ವಾರವಿಡೀ ಹೊಲದಲ್ಲಿ ದುಡಿದ ಅದೇ ಕುದುರೆ ಭಾನುವಾರ ಮನೆಮಂದಿಯನ್ನು ಪ್ರಾರ್ಥನೆಗೆ ಕರೆದೊಯ್ಯುತ್ತಿತ್ತು. ಅದರ ಹೆಗ್ಗಳಿಕೆ ಟ್ರಾಟ್ ಎಂಬ ನಡಿಗೆ: ಮುಂದಿನ ಒಂದು ಕಾಲು, ಅದಕ್ಕೆ ಎದುರು ಮೂಲೆಯ ಹಿಂಗಾಲು ಜೋಡಿಯಾಗಿ ಮೇಲೇಳುವ ಓಟ. ಯಾವ ಗಂಡು ಕುದುರೆಯನ್ನು ತಳಿಗೆ ಬಿಡಬೇಕು ಅಂತ ತೀರ್ಮಾನಿಸಲು ಆಗ ಸರ್ಟಿಫಿಕೇಟ್ ಇರಲಿಲ್ಲ. ಕಾರ್ಡಿಫ್‌ನಿಂದ ಡೌಲೈಸ್ ಊರಿನವರೆಗಿನ ಏರುದಾರಿಯಲ್ಲಿ ಟ್ರಾಟ್ ಪಂದ್ಯ ನಡೆಸುತ್ತಿದ್ದರು. ದಮ್ಮಿದ್ದರೆ ಗೆದ್ದಿತು, ಅಷ್ಟೇ. ಸರ್ಕಾರ ಗಂಡು ಕುದುರೆಗಳಿಗೆ ಲೈಸೆನ್ಸ್ ಪದ್ಧತಿ ತಂದದ್ದು 1918ರಲ್ಲಿ.

ಆ ಹುಚ್ಚು ಇನ್ನೂ ಇಳಿದಿಲ್ಲ. ಪ್ರತಿ ಜುಲೈನಲ್ಲಿ ಬಿಲ್ತ್ ವೆಲ್ಸ್ ಪಕ್ಕದ ಲ್ಯಾನೆಲ್ವೆದ್‌ನಲ್ಲಿ ರಾಯಲ್ ವೆಲ್ಶ್ ಶೋ ನಡೆಯುತ್ತೆ. ಕಾಬ್‌ಗಳ ದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲ್ಲ. ಕುದುರೆ ಟ್ರಾಟ್ ಶುರು ಮಾಡಿದರೆ ಅದರ ಜೊತೆ ಮನುಷ್ಯನೂ ಓಡಬೇಕು. ಊರಿನವರ ಕುದುರೆ ಬಂದಾಗ ಏಳುವ ಕೂಗು, ಶಿಳ್ಳೆ ಕೇಳಿದರೆ ನಿಮಗೆ ಐಪಿಎಲ್ ನೆನಪಾಗಬಹುದು. 1908ರಿಂದ ಇರುವ ‘ಜಾರ್ಜ್, ಪ್ರಿನ್ಸ್ ಆಫ್ ವೇಲ್ಸ್’ ಕಪ್ ಗೆದ್ದವರ ಹೆಸರು ಅಲ್ಲಿ ಹಳ್ಳಿಹಳ್ಳಿಗೂ ಗೊತ್ತು. ಕೆರೆಡಿಗಿಯನ್ ಸೀಮೆಯ ಅಬೆರೈರಾನ್ ಪಟ್ಟಣದಲ್ಲಂತೂ ಕಾಬ್ ಕುದುರೆಗೆ ಆಳೆತ್ತರದ ಪ್ರತಿಮೆಯೇ ಇದೆ.

ಎ ಮತ್ತು ಬಿ ಪೋನಿಗಳು ಯುರೋಪ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗಿ ಅಲ್ಲಿನ ಮಕ್ಕಳಿಗೆ ಸವಾರಿ ಕಲಿಸಿದವು. ಇಂಗ್ಲೆಂಡಿನಲ್ಲಿ ಬೆಳೆದ ‘ರೈಡಿಂಗ್ ಪೋನಿ’ ಎಂಬ ತಳಿಯ ಮೈಯಲ್ಲೂ ಇವುಗಳ ರಕ್ತವಿದೆ. ಅಂದರೆ ಸುಖಾಂತ್ಯ ಅಲ್ವಾ? ಪೂರ್ತಿ ಅಲ್ಲ.

ಸುಖವೇ ಕಾಯಿಲೆಯಾದಾಗ

ಬೆಟ್ಟದ ಪೋನಿಯ ವರ್ಷಕ್ಕೆ ಒಂದು ಲಯವಿದೆ. ಬೇಸಿಗೆಯಲ್ಲಿ ತಿಂದು ಮೈ ತುಂಬಿಕೊಳ್ಳುತ್ತೆ, ಚಳಿಗಾಲದಲ್ಲಿ ಆ ಕೊಬ್ಬು ಕರಗಿಸಿಕೊಂಡು ಬದುಕುತ್ತೆ. ವಸಂತ ಬರುವಾಗ ಪಕ್ಕೆಲುಬು ಕಾಣುವಷ್ಟು ಸೊರಗಿರುತ್ತೆ. ಸಿಕ್ಕಿದ ಪ್ರತಿ ತುತ್ತನ್ನೂ ಉಳಿತಾಯ ಮಾಡುವ ದೇಹ ಅದು.

ಅದೇ ಪೋನಿಯನ್ನು ತಂದು ಗೊಬ್ಬರ ಹಾಕಿ ಬೆಳೆಸಿದ ಹಸಿರು ಹುಲ್ಲುಗಾವಲಿಗೆ ಬಿಡಿ. ಹುಲ್ಲಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಓಡಾಟ ಕಮ್ಮಿ. ಚಳಿಗಾಲದಲ್ಲೂ ಹೊದಿಕೆ, ಒಣಹುಲ್ಲು, ದಾಣಿ. ಸೊರಗುವ ಕಾಲ ಬರುವುದೇ ಇಲ್ಲ. ಕುತ್ತಿಗೆಯ ಮೇಲೆ ಗಟ್ಟಿ ಕೊಬ್ಬಿನ ದಿಂಡು ಏಳುತ್ತೆ, ರಕ್ತದಲ್ಲಿ ಇನ್ಸುಲಿನ್ ಏರುತ್ತೆ. ಒಂದು ಬೆಳಿಗ್ಗೆ ಪೋನಿ ಹೆಜ್ಜೆ ಎತ್ತಿಡಲಾರದೆ ನಿಂತಿರುತ್ತೆ. ಲ್ಯಾಮಿನೈಟಿಸ್. ಗೊರಸಿನ ಗೋಡೆಗೂ ಒಳಗಿನ ಮೂಳೆಗೂ ನಡುವೆ ಇರುವ ಪದರ ಹಾಳಾಗುವ ಕಾಯಿಲೆ. ವಿಪರೀತ ನೋವು. ಜೋರಾದರೆ ಮೂಳೆಯೇ ಗೊರಸಿನೊಳಗೆ ಜರುಗುತ್ತೆ. ಎಷ್ಟೋ ಸಲ ಪ್ರಾಣಿಗೆ ದಯಾಮರಣ ಕೊಡದೆ ಬೇರೆ ದಾರಿ ಇರಲ್ಲ.

2019ರಲ್ಲಿ ಪ್ರಕಟವಾದ ಒಂದು ಸಂಶೋಧನೆ ವೆಲ್ಶ್ ಪೋನಿಗಳ ವಂಶವಾಹಿ ನೋಡಿ ಕುತೂಹಲದ ಸಂಗತಿ ಹೇಳಿತು. ಎಚ್‌ಎಂಜಿಎ2 ಎಂಬ ಜೀನ್‌ನ ಒಂದು ಬದಲಾವಣೆಗೆ ಪೋನಿಯ ಗಿಡ್ಡತನದ ಜೊತೆಗೂ ನಂಟಿದೆ, ಇನ್ಸುಲಿನ್ ಮಟ್ಟದ ಜೊತೆಗೂ ನಂಟಿದೆ. ಬೆಟ್ಟದಲ್ಲಿ ಅದನ್ನು ಉಳಿಸಿದ ಗುಣವೂ ಗದ್ದೆಯಲ್ಲಿ ಕಾಡುವ ಗುಣವೂ ಒಂದೇ ಕಡೆ ಗಂಟು ಹಾಕಿಕೊಂಡಿರಬಹುದು ಅಂತಾಯಿತು. ದಿನವಿಡೀ ಕುರ್ಚಿಯಲ್ಲಿ ಕೂತು, ಆ್ಯಪ್‌ನಲ್ಲಿ ಊಟ ತರಿಸಿಕೊಂಡು, ಮೂವತ್ತಕ್ಕೇ ಶುಗರ್ ಟೆಸ್ಟ್ ಮಾಡಿಸುವ ನಮಗೆ ಇದು ತೀರಾ ಅಪರಿಚಿತ ಕಥೆಯೇನಲ್ಲ.

ಹಾಗಾಗಿ ತಿಳಿದವರು ಪೋನಿಯನ್ನು ಪ್ರೀತಿಸುವ ರೀತಿಯೇ ಬೇರೆ. ಹುಲ್ಲುಗಾವಲಿನಲ್ಲಿ ಚಿಕ್ಕ ಜಾಗಕ್ಕೆ ಬೇಲಿ ಕಟ್ಟಿ ಅಷ್ಟರಲ್ಲೇ ಮೇಯಿಸುತ್ತಾರೆ. ಒಣಹುಲ್ಲನ್ನು ನೀರಲ್ಲಿ ನೆನೆಸಿ ಸಕ್ಕರೆ ಅಂಶ ಇಳಿಸಿ ಹಾಕುತ್ತಾರೆ. ಬಾಯಿಗೆ ಸಣ್ಣ ತೂತಿನ ಮುಸುಕು ಕಟ್ಟುತ್ತಾರೆ. ನಮ್ಮಲ್ಲಿ ಕುಂಟೆ ಹೊಡೆಯುವಾಗ ಎತ್ತು ಪೈರಿಗೆ ಬಾಯಿ ಹಾಕದಿರಲಿ ಅಂತ ಕುಕ್ಕೆ ಕಟ್ಟುತ್ತಾರಲ್ಲ, ಹಾಗೇ. ವ್ಯತ್ಯಾಸ ಇಷ್ಟೇ, ಇಲ್ಲಿ ಕಾಪಾಡಬೇಕಿರುವುದು ಪೈರನ್ನಲ್ಲ, ಪ್ರಾಣಿಯನ್ನು.

ಪುಸ್ತಕದಲ್ಲಿಲ್ಲದ ಮುನ್ನೂರು

ಸ್ಟಡ್ ಬುಕ್ ಇದೆ, ಕಪ್ ಇದೆ, ಜಗತ್ತಿನಾದ್ಯಂತ ಸಾಕುವವರಿದ್ದಾರೆ. ಇನ್ನೇನು ಬೇಕು? ಬೆಟ್ಟ ಬೇಕು.

ಉತ್ತರ ವೇಲ್ಸ್‌ನ ಎರಿರಿ, ಅಂದರೆ ಸ್ನೋಡೋನಿಯಾ ಸೀಮೆಯ ಕಾರ್ನೆದೈ ಬೆಟ್ಟಸಾಲಿನಲ್ಲಿ ಸುಮಾರು 300 ಪೋನಿಗಳು ಅರೆಕಾಡು ಬದುಕು ನಡೆಸುತ್ತಿವೆ. ಇವು ಸ್ಟಡ್ ಬುಕ್‌ನ ಪೋನಿಗಳಲ್ಲ. ಅಬೆರಿಸ್ಟ್‌ವಿತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಂಶವಾಹಿ ಪರೀಕ್ಷಿಸಿದಾಗ, ಇವು ಸೆಕ್ಷನ್ ಎಗೆ ಹತ್ತಿರದ ನೆಂಟರಾದರೂ ನೂರಾರು ವರ್ಷ ಪ್ರತ್ಯೇಕವಾಗಿ ಉಳಿದ ಬೇರೆಯೇ ಗುಂಪು ಅಂತ ತಿಳಿಯಿತು. ಅಲ್ಲಿನ ಕೆಲವೇ ರೈತ ಕುಟುಂಬಗಳು ಇವುಗಳ ಒಡೆಯರು. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ನವೆಂಬರಿನಲ್ಲಿ, ಬೆಟ್ಟದಿಂದ ಎಲ್ಲವನ್ನೂ ಇಳಿಸಿ ಆರೋಗ್ಯ ನೋಡಿ ಮತ್ತೆ ಬಿಡುತ್ತಾರೆ.

ಇದರಲ್ಲಿ ಅವರಿಗೆ ಲಾಭ ಇದೆಯಾ? ಹೆಚ್ಚು ಕಡಿಮೆ ಇಲ್ಲ. ಗಣಿಯೂ ಇಲ್ಲ, ಗಾಡಿಯೂ ಇಲ್ಲ. ಯುರೋಪಿನಲ್ಲಿ ಪ್ರತಿ ಕುದುರೆಗೂ ಪಾಸ್‌ಪೋರ್ಟ್, ಮೈಕ್ರೊಚಿಪ್ ಕಡ್ಡಾಯವಾದಾಗ ಬೆಟ್ಟದ ರೈತರು ಕಂಗಾಲಾದರು. ಮರಿಯ ಬೆಲೆಗಿಂತ ಅದರ ಕಾಗದಪತ್ರದ ಖರ್ಚೇ ಜಾಸ್ತಿ. ಅರೆಕಾಡು ಹಿಂಡುಗಳಿಗೆ ಒಂದಿಷ್ಟು ವಿನಾಯಿತಿ ಸಿಕ್ಕಿದ್ದರಿಂದ ಉಸಿರಾಡುವಂತಾಯಿತು. 2013ರ ಮಾರ್ಚ್‌ನಲ್ಲಿ ಬಿದ್ದ ಅಕಾಲದ ಹಿಮದಲ್ಲಿ ಕಾರ್ನೆದೈ ಪೋನಿಗಳು ನೂರರಷ್ಟು ಸತ್ತವು. ಚಳಿಗಾಲ ಮುಗಿಯುವ ಹೊತ್ತಿಗೆ ಮೈಯಲ್ಲಿ ಕೊಬ್ಬು ಉಳಿದಿರಲ್ಲ, ಆಗಲೇ ಹಿಮ ಮುಚ್ಚಿತು. ಬೆಟ್ಟ ಎಷ್ಟೇ ಕಲಿಸಿದರೂ ಒಮ್ಮೊಮ್ಮೆ ಕೈಬಿಡುತ್ತೆ. ಆ ರೈತರು ಹಿಂಡನ್ನು ಅಲ್ಲಿಗೇ ಕೈಬಿಡಲಿಲ್ಲ.

ಯಾಕೆ ಹೀಗೆ ಹಟ? ವೆಲ್ಶ್ ಭಾಷೆಯಲ್ಲಿ ‘ಕನೆವಿನ್’ ಅಂತ ಒಂದು ಪದವಿದೆ. ಪ್ರಾಣಿ ತನ್ನದು ಅಂತ ಅರಿತ ನೆಲ. ಎಲ್ಲಿ ನೀರಿದೆ, ಯಾವ ಬಂಡೆಯ ಮರೆಯಲ್ಲಿ ಗಾಳಿ ತಾಗಲ್ಲ, ಯಾವ ಜೌಗಿಗೆ ಕಾಲಿಡಬಾರದು ಅನ್ನೋದನ್ನು ಮರಿ ತಾಯಿಯ ಹಿಂದೆ ನಡೆದು ಕಲಿಯುತ್ತೆ. ಬೇಲಿ ಇಲ್ಲದ ಬೆಟ್ಟದಲ್ಲಿ ಹಿಂಡು ತನ್ನ ಎಲ್ಲೆ ದಾಟದೆ ಇರುವುದು ಈ ಕಲಿಕೆಯಿಂದ. ಒಂದು ಹಿಂಡು ಪೂರ್ತಿ ಹೋದರೆ, ಬೇರೆ ಕಡೆಯಿಂದ ಅದೇ ತಳಿಯ ಪೋನಿ ತಂದು ಬಿಟ್ಟರೂ ಆ ತಿಳಿವಳಿಕೆ ಬರಲ್ಲ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರ ಅಮರಿ ಬೆಟ್ಟದ ಕುರಿ ಹಿಂಡುಗಳನ್ನು ಕೊಂದಾಗ ರೈತರು ಈ ಪಾಠವನ್ನು ಕಣ್ಣಾರೆ ಕಂಡಿದ್ದಾರೆ. ಸ್ಟಡ್ ಬುಕ್ ಅಪ್ಪ-ಅಮ್ಮನ ಹೆಸರು ಉಳಿಸುತ್ತೆ. ದಾರಿ ಉಳಿಸಲ್ಲ.

ಈಗ ಇವುಗಳಿಗೊಂದು ಹೊಸ ಕೆಲಸ ಸಿಕ್ಕಿದೆ. ಕುರಿ ಮುಟ್ಟದ ಒರಟು ಹುಲ್ಲು, ಗಾರ್ಸ್ ಪೊದೆಗಳನ್ನು ಪೋನಿ ತಿಂದು, ತುಳಿದು ಹದಕ್ಕೆ ತರುತ್ತೆ. ಗಿಡ್ಡವಾದ ಹುಲ್ಲಿನಲ್ಲಿ, ಲದ್ದಿಯಲ್ಲಿ ಹುಳು ಹೆಕ್ಕಲು ಚಫ್ ಎಂಬ ಅಪರೂಪದ ಹಕ್ಕಿ ಬರುತ್ತೆ. ಕಾಗೆಯ ನೆಂಟ, ಕೆಂಪು ಕೊಕ್ಕು, ಕೆಂಪು ಕಾಲು. ಹಾಗಾಗಿ ಪ್ರಕೃತಿ ಸಂರಕ್ಷಣೆಯವರು ಮೇಯಿಸುವುದಕ್ಕೆಂದೇ ಪೋನಿಗಳನ್ನು ಕೇಳಿ ಪಡೆಯುತ್ತಿದ್ದಾರೆ. ಯಂತ್ರ ಹೋಗಲಾರದ ಕಡೆ ನಾಲ್ಕು ಅಡಿಯ ಕುದುರೆ ಹೋಗುತ್ತೆ.

ಬ್ರಿಟನ್‌ನಲ್ಲಿ ಓದುತ್ತಿರುವ, ಕೆಲಸದಲ್ಲಿರುವ ಓದುಗರು ಇದ್ದರೆ ಒಂದು ವಾರಾಂತ್ಯ ಅಬರ್ ಜಲಪಾತದ ಕಡೆ ಹೋಗಿ ಬನ್ನಿ. ಅದೃಷ್ಟವಿದ್ದರೆ ಮೇಲಿನ ಇಳಿಜಾರುಗಳಲ್ಲಿ ಹಿಂಡು ಕಾಣುತ್ತೆ. ದೂರ ನಿಂತು ನೋಡಿ, ಫೋಟೊ ತೆಗೆಯಿರಿ. ಆದರೆ ಬ್ಯಾಗಿನಲ್ಲಿರುವ ಬ್ರೆಡ್ಡು, ಸೇಬು ಕೊಡಲು ಮಾತ್ರ ಹೋಗಬೇಡಿ. ಪಾಪ ಬಡಕಲಾಗಿದೆ ಅಂತ ನಿಮಗೆ ಅನ್ನಿಸಬಹುದು. ಅದು ಬಡಕಲಲ್ಲ, ಚಳಿಗಾಲ ದಾಟಿ ಬಂದಿದೆ ಅಷ್ಟೇ.